ಅರಬೈಲಿನಲ್ಲಿ ಸಾಂತಾನ್ ಹಾಡಿದ ಮಳೆಗಾಲ

ಮಳೆಗಾಲದಲ್ಲಿ ಥಂಡಿ ಹಿಡಿದು ಕೂತ ಆಂಪ್ಲಿಫೈಯರಿಗೆ ಕರೆಂಟು ಕೊಟ್ಟರೆ ಒಳಗಿನ ಧೂಳು ಸುಟ್ಟು ಒಂದು ವಾಸನೆ ಬರುತ್ತದೆ. ನನ್ನ ಹೆಂಡತಿಗೆ ಅದು ಕಂಡರಾಗುವುದಿಲ್ಲ, ಕಿಟಕಿ ತೆಗೆಯುತ್ತಾಳೆ. ನನಗೆ ಮೊದಲೆಲ್ಲ ಅದು ಖುಷಿಯ ವಾಸನೆಯೇ ಆಗಿತ್ತು, ಕಾರ್ಯಕ್ರಮ ಶುರುವಾಯಿತು ಅಂತ ಅರ್ಥ. ಈಗ ಕೆಲವು ವರ್ಷಗಳಿಂದ ಆ ವಾಸನೆ ಮೂಗಿಗೆ ಬಡಿದ ಕೂಡಲೇ ನಾಚಿಕೆಯಾಗುತ್ತದೆ. ಮೊನ್ನೆ ಚೌತಿಯ ತಯಾರಿಗೆಂದು ಪೆಟ್ಟಿಗೆ ಇಳಿಸಿದಾಗಲೂ ಆಯಿತು. ಅಂಗಡಿಯಲ್ಲಿ ನಾನೊಬ್ಬನೇ ಇದ್ದೆ, ನೋಡುವವರು ಯಾರೂ ಇರಲಿಲ್ಲ, ಆದರೂ ತಲೆ ತಗ್ಗಿತು.

ಯಲ್ಲಾಪುರದಲ್ಲಿ ನನ್ನದೊಂದು ಮೈಕ್‌ಸೆಟ್ಟಿನ ಅಂಗಡಿ. ತಾಳಮದ್ದಲೆ, ಮದುವೆ, ಸಂಗೀತದ ಬೈಠಕ್ಕು, ಸತ್ಯನಾರಾಯಣ ಪೂಜೆ, ಎಲ್ಲದಕ್ಕೂ ಹೋಗುತ್ತೇನೆ. ಸಿದ್ದಾಪುರದ ಕಡೆಯಿಂದಲೂ ಕರೆಯುತ್ತಾರೆ. ಜನ ಹಾಡಿದವರನ್ನು ಹೊಗಳುತ್ತಾರೆ, ಮೈಕು ಕೂಗಿದರೆ ಮಾತ್ರ ನನ್ನ ಕಡೆ ತಿರುಗಿ ನೋಡುತ್ತಾರೆ. ಅದರ ಬಗ್ಗೆ ನನಗೇನೂ ಬೇಜಾರಿಲ್ಲ. ದೊಡ್ಡ ದೊಡ್ಡ ಗವಾಯಿಗಳನ್ನು ಬಿಟ್ಟಿಯಾಗಿ, ಎಲ್ಲರಿಗಿಂತ ಹತ್ತಿರದಿಂದ ಕೇಳಿದ್ದೇನೆ, ಇನ್ನೇನು ಬೇಕು. ಆದರೆ ಮಳೆಗಾಲ ಮಾತ್ರ ನಮ್ಮ ಕಸುಬಿಗೆ ಸೂತಕ. ಆ ಮೂರು ತಿಂಗಳು ಕೈ ಕಟ್ಟಿಕೊಂಡು ಕೂರಬೇಕು.

ಹಾಗೆ ಕೂತಿದ್ದ ಒಂದು ವರ್ಷ ಸುಬ್ರಾಯಣ್ಣನ ಫೋನು ಬಂತು. ಅರಬೈಲ್ ಘಟ್ಟ ಇಳಿಯುವ ಮೊದಲು, ಹುಬ್ಬಳ್ಳಿ–ಅಂಕೋಲಾ ರಸ್ತೆಯ ಪಕ್ಕದಲ್ಲಿ ಅವನ ಹೋಟೆಲು. ಹಿಂದುಗಡೆ ತಗಡಿನ ಮಾಡಿನ ಒಂದು ಕಲ್ಯಾಣಮಂಟಪವನ್ನೂ ಕಟ್ಟಿಸಿದ್ದ. ಆಷಾಢದಲ್ಲಿ ಮದುವೆ ಎಲ್ಲಿಂದ ಬರಬೇಕು?

“ಮಾಬ್ಲ, ಖಾಲಿ ಮಂಟಪದಲ್ಲಿ ಆನು ಇಲಿ ಓಡಿಸ್ತಾ ಕೂತಿದ್ದೆ,” ಅಂದ ನಮ್ಮ ಹವ್ಯಕ ಮಾತಿನಲ್ಲಿ. “ಶನಿವಾರ ಶನಿವಾರ ಸಂಜೆಗೆ ಎಂತಾರೂ ಹಾಡು ಮಾಡನ. ಹುಬ್ಬಳ್ಳಿ ಕಾರು ನಿಲ್ತು, ಜನ ಚಾ ಕುಡೀತ. ಕಾರವಾರದಿಂದ ಇಬ್ಬರು ಬತ್ತ, ಇಂಗ್ಲಿಷ್ ಹಾಡು. ನೀ ಮೈಕ್ ತಗಂಡು ಬಾ.”

ನನಗೆ ಇಂಗ್ಲಿಷ್ ಹಾಡೆಂದರೆ ಕಿವಿ ಕಿತ್ತುಹೋಗುವ ಡ್ರಮ್ಮು ಅಂತಲೇ ತಲೆಯಲ್ಲಿತ್ತು. ಇಸ್ಮಾಯಿಲನ ಟೆಂಪೋದಲ್ಲಿ ದೊಡ್ಡ ಪೆಟ್ಟಿಗೆಗಳನ್ನೇ ಹೇರಿಕೊಂಡು ಹೋದೆ. ಇಸ್ಮಾಯಿಲ್ ಯಲ್ಲಾಪುರದವನೇ, ನನ್ನ ಸಾಮಾನು ಸಾಗಿಸುವುದು ಅವನೇ, ಸಾಮಾನು ಇಳಿಸಿದ ಮೇಲೆ ಕಾರ್ಯಕ್ರಮ ಮುಗಿಯುವವರೆಗೂ ಕೂತು ಕೇಳುವವನೂ ಅವನೇ. ಹೋಗಿ ನೋಡಿದರೆ ಅಲ್ಲಿ ಅರವತ್ತು ದಾಟಿದ ಇಬ್ಬರು ಗಂಡಸರು, ಒಂದು ಗಿಟಾರು, ಒಂದು ಮೌತ್ ಆರ್ಗನ್. ಅಷ್ಟೇ. ಗಿಟಾರಿನವರು ಸಾಂತಾನ್. ಉದ್ದಕ್ಕೆ, ತೆಳ್ಳಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೌತ್ ಆರ್ಗನ್ನಿನವರು ದುಮಿಂಗ್. ಗಿಡ್ಡಕ್ಕೆ, ಹೊಟ್ಟೆ ಮುಂದೆ. ಇಬ್ಬರೂ ಹರೆಯದಲ್ಲಿ ಪ್ರಯಾಣದ ಹಡಗುಗಳಲ್ಲಿ ಬಾರಿಸುತ್ತಿದ್ದವರು. ಊರೂರು ತಿರುಗಿ ಕಲಿತ ಆ ಹಾಡಿಗೆ ಬ್ಲೂಸ್ ಅಂತ ಹೆಸರು ಅಂತ ದುಮಿಂಗ್ ಹೇಳಿದರು. ಅಮೆರಿಕದ ಹತ್ತಿಯ ಹೊಲಗಳಲ್ಲಿ ಬೆನ್ನು ಮುರಿದು ದುಡಿದ ಕರಿಯ ಜನರ ಹಾಡಂತೆ. ಕಷ್ಟವನ್ನು ಹಾಡಿ ಹೊರಗೆ ಹಾಕುವುದಂತೆ.

ಮೊದಲ ದಿನವೇ ನನ್ನ ಮರ್ಯಾದೆ ಹೋಯಿತು. ನಮ್ಮ ಕಡೆ ಹಾಡುವವರಿಗೆ ಎಕೋ ಬೇಕು, ಎಷ್ಟು ಹಾಕಿದರೂ ಇನ್ನೊಂಚೂರು ಹಾಕಿ ಅನ್ನುತ್ತಾರೆ. ಅದೇ ಅಳತೆಯಲ್ಲಿ ಇವರಿಗೂ ಹಾಕಿದೆ. ಸಾಂತಾನ್ ಒಂದು ಸಾಲು ಹಾಡಿ ನಿಲ್ಲಿಸಿದರು. “ಭಟ್ರೇ, ಇದನ್ನ ತೆಗೀರಿ. ನಾನು ಬಾವಿಯೊಳಗೆ ಬಿದ್ದಿಲ್ಲ,” ಅಂದರು. ಮಂಟಪವೆಲ್ಲ ನಕ್ಕಿತು. ಆಮೇಲೆ ಕಾಲಿಗೊಂದು ಮೈಕು ಕೇಳಿದರು. ಕೆಳಗೊಂದು ಹಲಗೆ ಇಟ್ಟುಕೊಂಡು ಬೂಟುಗಾಲಿನಿಂದ ಅದನ್ನು ಬಡಿಯುತ್ತಾರೆ, ತಾಳವೆಲ್ಲ ಅದೇ. ನಾನು ಹಲಗೆಯ ಹತ್ತಿರ ಮೈಕು ಬಗ್ಗಿಸುತ್ತಿದ್ದುದನ್ನು ನೋಡಿ ಸುಬ್ರಾಯಣ್ಣ ಓಡಿ ಬಂದ.

“ಕಾಲಿಗೆ ಮೈಕ್ ಕೊಡ್ತ್ಯ ನೀನು? ಮೈಕ್ ಅಂದ್ರೆ ಸರಸ್ವತಿ ಮಾರಾಯ.”

“ಕಾಲೇ ಅವರ ತಬಲಾ ಸುಬ್ರಾಯಣ್ಣ, ಆನು ಎಂತ ಮಾಡ್ಲಿ?”

ಅವನು ಆ ಹಲಗೆಗೆ ಕೈ ಮುಗಿದು ಹೋದ. ಸಾಂತಾನ್ ಅದನ್ನು ನೋಡಿದರು. ಮುಂದಿನ ಶನಿವಾರದಿಂದ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಬಡಿಯತೊಡಗಿದರು. ಯಾರೂ ಅವರಿಗೆ ಹೇಳಿರಲಿಲ್ಲ.

ಹಾಡು ಹೇಗಿತ್ತು ಅಂತ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೂರು ಸಾಲಿನ ಪದ. ಒಂದು ಸಾಲು ಹಾಡುತ್ತಾರೆ, ಅದೇ ಸಾಲನ್ನು ಇನ್ನೊಮ್ಮೆ ಹಾಡುತ್ತಾರೆ, ಮೂರನೆಯ ಸಾಲಿನಲ್ಲಿ ಅದಕ್ಕೊಂದು ಮುಕ್ತಾಯ. ಪ್ರತಿ ಸಾಲಿನ ನಂತರ ಗಾಯಕ ಸುಮ್ಮನಾಗುತ್ತಾನೆ. ಆ ಖಾಲಿ ಜಾಗದಲ್ಲಿ ಮೌತ್ ಆರ್ಗನ್ನು ಉತ್ತರ ಕೊಡುತ್ತದೆ. ಹೌದೌದು ಅನ್ನುತ್ತದೆ, ಅಥವಾ ಬಿಡೋ ಮಾರಾಯ ಅನ್ನುತ್ತದೆ, ಕೆಲವೊಮ್ಮೆ ಸುಮ್ಮನೆ ಜೊತೆಗೆ ನರಳುತ್ತದೆ. ದುಮಿಂಗ್ ಮೈಕನ್ನೂ ಮೌತ್ ಆರ್ಗನ್ನನ್ನೂ ಒಟ್ಟಿಗೆ ಬೊಗಸೆಯಲ್ಲಿ ಹಿಡಿದು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಬೊಗಸೆ ಬಿಚ್ಚಿದರೆ ಅಳು, ಮುಚ್ಚಿದರೆ ಬಿಕ್ಕು. ಮೊದಲ ದಿನ ಮೈಕು ಕೂಗುತ್ತದೆಂದು ನಾನು ಬೆವತುಹೋದೆ.

“ಹೇಳಿದ್ದನ್ನೇ ಎರಡೆರಡು ಸಲ ಹೇಳ್ತ್ರಲೋ, ಒಂದ್ಸಲ ಹೇಳಿದ್ರೆ ತಿಳಿತಿಲ್ಯ?” ಅಂತ ಸುಬ್ರಾಯಣ್ಣ ಕೇಳಿದ. ನನಗೂ ಮೊದಲು ಹಾಗೇ ಅನಿಸಿತ್ತು. ಎರಡನೆಯ ಶನಿವಾರದ ಹೊತ್ತಿಗೆ ಗೊತ್ತಾಯಿತು. ಮೊದಲ ಸಲ ಹೇಳುವುದು ನಮಗೆ, ಎರಡನೆಯ ಸಲ ಹೇಳುವುದು ತನಗೇ. ಸ್ವರದ ಮಾತೂ ಅಷ್ಟೇ. ಇಷ್ಟು ವರ್ಷ ಗವಾಯಿಗಳ ಹತ್ತಿರ ಕೂತು ನನ್ನ ಕಿವಿ ಸ್ವಲ್ಪ ಹದವಾಗಿದೆ. ಗಾಂಧಾರ ಕೋಮಲವಾದರೆ ಕೋಮಲ, ಶುದ್ಧವಾದರೆ ಶುದ್ಧ. ಸಾಂತಾನ್ ಬೆರಳಿಗೆ ಗಾಜಿನ ಕೊಳವೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸುತ್ತ ಇವೆರಡರ ನಡುವೆ ಎಲ್ಲೋ ನಿಂತುಬಿಡುತ್ತಿದ್ದರು. ಮುಂದೆ ಹೋಗುವುದಿಲ್ಲ, ಹಿಂದೆ ಬರುವುದಿಲ್ಲ. ಯಾವುದಾದರೂ ಒಂದು ಸ್ವರಕ್ಕೆ ಹೋಗಿ ಕೂರಲಿ ಅಂತ ನಾನು ಕತ್ತು ಚಾಚಿ ಕಾಯುತ್ತಿದ್ದೆ. ಆಮೇಲೆ ಮೊಬೈಲಿನಲ್ಲಿ ಹುಡುಕಿ ಹುಡುಕಿ ಬೇರೆಯವರ ಬ್ಲೂಸ್ ಕೇಳಿದೆ. ಘಟಾನುಘಟಿಗಳು, ಇಲ್ಲವೆನ್ನುವುದಿಲ್ಲ. ಆದರೆ ಎದುರಿಗೆ ಹಾಡುವವನ ಗಂಟಲು ಈ ಸಲ ಮೇಲಿನ ಸ್ವರಕ್ಕೆ ಹೋಗುತ್ತದೋ ಇಲ್ಲವೋ ಅನ್ನುವ ಹೆದರಿಕೆ ಮೊಬೈಲಿನಲ್ಲಿ ಇಲ್ಲ. ಆ ಹೆದರಿಕೆಯ ರುಚಿ ಹತ್ತಿದವನಿಗೆ ಬೇರೆ ಯಾವುದೂ ಹಿಡಿಸುವುದಿಲ್ಲ.

ನಮ್ಮ ಜನಕ್ಕೂ ಹಿಡಿಸಿತು. ಹುಬ್ಬಳ್ಳಿ ಕಾರಿನವರು ಚಾ ಕುಡಿದು ಹೋಗುತ್ತಿದ್ದರು, ಇಡಗುಂದಿಯಿಂದ, ಯಲ್ಲಾಪುರದಿಂದ ಬಂದವರು ಕೊನೆಯವರೆಗೂ ಕೂರುತ್ತಿದ್ದರು. ಮಾತು ಅರ್ಥವಾಗದಿದ್ದರೂ ಸರಿಯಾದ ಜಾಗದಲ್ಲಿ ತಲೆದೂಗುತ್ತಿದ್ದರು. “ಹಡಗಲ್ಲಿ ಜನ ಊಟ ಮಾಡ್ತಾರೆ, ನಾವು ಹಾಡ್ತೇವೆ. ಇಲ್ಲಿ ಜನ ಕೂತು ಮುಖ ನೋಡ್ತಾರೆ. ಹೆದರಿಕೆ ಆಗ್ತದೆ,” ಅಂತ ದುಮಿಂಗ್ ನಗುತ್ತಿದ್ದರು. ಮಳೆ ತಗಡಿನ ಮೇಲೆ ಜೋರಾದರೆ ನಾನು ಧ್ವನಿ ಏರಿಸಬೇಕು, ಹೊಳವಾದರೆ ಇಳಿಸಬೇಕು. ಮಿಕ್ಸರಿನ ಮೇಲೆ ಬೆರಳಿಟ್ಟು ಮಳೆಯ ಜೊತೆಗೇ ಏರುತ್ತ ಇಳಿಯುತ್ತ ಕೂತಿರುತ್ತಿದ್ದೆ. ಅಷ್ಟು ಸುಖ ನನ್ನ ಕಸುಬಿನಲ್ಲಿ ಮೊದಲು ಕಂಡಿರಲಿಲ್ಲ.

ಅವರ ಹಾಡುಗಳಲ್ಲಿ ಒಂದು ಲಾಂಚಿನ ಹಾಡು. ಸಾಂತಾನರೇ ಕಟ್ಟಿದ್ದು. ಅರ್ಥ ಕೇಳಿದ್ದಕ್ಕೆ ಕನ್ನಡದಲ್ಲಿ ಹೇಳಿದ್ದರು. ಸಂಜೆಯ ಲಾಂಚು ಬಂತು, ಅದರಿಂದ ನೀನು ಇಳಿಯಲಿಲ್ಲ. ಸಂಜೆಯ ಲಾಂಚು ಬಂತು, ಅದರಿಂದ ನೀನು ಇಳಿಯಲಿಲ್ಲ. ನಾಳೆಯೂ ಬರುತ್ತದೆ, ಧಕ್ಕೆಗೆ ನಾಳೆಯೂ ಬರುತ್ತೇನೆ. ಧಕ್ಕೆ ಅಂದರೆ ಲಾಂಚು, ದೋಣಿಗಳು ಬಂದು ನಿಲ್ಲುವ ಕಟ್ಟೆ. ಅಷ್ಟೇ ಹಾಡು. ಆದರೆ ಅದರಲ್ಲಿ ದುಮಿಂಗರ ಉತ್ತರ ಪ್ರತಿ ವಾರ ಬೇರೆ. ಒಂದು ವಾರ ಲಾಂಚಿನ ಸಿಳ್ಳೆಯಂತೆ ಊದಿ ನಗಿಸಿದರು. ಸಾಂತಾನ್ ಹಾಡುವುದನ್ನು ಬಿಟ್ಟು ನಗತೊಡಗಿದರು, ಮಂಟಪವೂ ನಕ್ಕಿತು.

ಅವತ್ತು ವಾಪಸು ಬರುವಾಗ ನಾನು ಇಸ್ಮಾಯಿಲನಿಗೆ ಅಂದೆ, ಇವತ್ತು ಅಷ್ಟು ಕಳೆಗಟ್ಟಲಿಲ್ಲ, ಇಬ್ಬರೂ ಖುಷಿಯಲ್ಲಿದ್ದುಬಿಟ್ಟರು ಅಂತ.

“ಭಟ್ರ, ಅವ್ರು ನಕ್ಕೋತ ಹಾಡಿದ್ರ ನಿಮಗೇನ ಹೊಟ್ಟಿಯುರಿ?” ಅಂದ ಇಸ್ಮಾಯಿಲ್.

ತಮಾಷೆಗೆ ಅಂದದ್ದು, ನಾನೂ ನಕ್ಕೆ. ಆದರೆ ಅವನು ಹೇಳಿದ್ದು ನಿಜವೇ ಆಗಿತ್ತು. ನನಗೆ ಅವರ ಖುಷಿ ಬೇಕಾಗಿರಲಿಲ್ಲ. ಗಂಟಲು ಒಡೆಯಬೇಕು, ಕೊಳವೆ ತಂತಿಯ ಮೇಲೆ ತಡವರಿಸಬೇಕು, ಆವಾಗಲೇ ನನಗೆ ಹೊಟ್ಟೆ ತುಂಬುವುದು. ಊಟಕ್ಕೆ ಕೂತವನು ಬಡಿಸುವವನ ಕೈ ನೋಡುವ ಹಾಗೆ ನಾನು ಸಾಂತಾನರ ಮುಖ ನೋಡುತ್ತಿದ್ದೆ.

ಶ್ರಾವಣದ ಮೂರನೆಯ ಶನಿವಾರ ಸಾಂತಾನ್ ಒಬ್ಬರೇ ಬಂದರು. ದುಮಿಂಗರಿಗೆ ಲಕ್ವ ಹೊಡೆದಿತ್ತು. ಬಾಯಿ ಒಂದು ಕಡೆಗೆ ಎಳೆದಿದೆ, ಊದುವುದು ಬಿಡಿ, ನೀರು ನಿಲ್ಲುತ್ತಿಲ್ಲ ಅಂದರು. ಆ ದಿನ ಲಾಂಚಿನ ಹಾಡು ಹಾಡಿದರು, ದುಮಿಂಗರ ಜಾಗಗಳಲ್ಲಿ ಕಾಲು ಮಾತ್ರ ಬಡಿದರು. “ಜಾಗ ಇಟ್ಟಿರಬೇಕು,” ಅಂದರು ನನ್ನ ಹತ್ತಿರ. “ಅವ ವಾಪಸ್ ಬರ್ತಾನೆ ಅಲ್ವಾ, ಬೇರೆಯವರು ಕೂತಿರಬಾರದು.”

ದುಮಿಂಗ್ ವಾಪಸು ಬರಲಿಲ್ಲ. ಮುಂದಿನ ವಾರದ ನಡುವೆ ತೀರಿಕೊಂಡರು. ಶನಿವಾರದ ಕಾರ್ಯಕ್ರಮ ರದ್ದು ಅಂತ ನಾನು ಸಾಮಾನು ಹೇರಿರಲೇ ಇಲ್ಲ, ಸಾಂತಾನರೇ ಫೋನು ಮಾಡಿ ಬರುತ್ತೇನೆ ಅಂದರು. ಮನೆಯಲ್ಲಿ ಕೂರಲಿಕ್ಕೆ ಆಗುತ್ತಿಲ್ಲ ಅಂದರು. ಬಂದವರು ವೇದಿಕೆ ಹತ್ತುವ ಮೊದಲು ನನ್ನ ಮಿಕ್ಸರಿನ ಹತ್ತಿರ ನಿಂತರು. “ಭಟ್ರೇ, ಇವತ್ತು ಲಾಂಚ್ ಬೇಡ. ಯಾರು ಕೇಳಿದ್ರೂ ಬೇಡ. ನನ್ನಿಂದ ಆಗುವುದಿಲ್ಲ,” ಅಂದರು. ಆಯ್ತು ಅಂದೆ. ಹಾಗೆ ಅನ್ನುವಾಗಲೇ ಒಳಗಿಂದೊಳಗೆ ನನಗೆ ಬೇಕಾಗಿದ್ದು ಅದೊಂದೇ ಹಾಡು.

ಸುದ್ದಿ ಹಬ್ಬಿತ್ತು, ಆ ದಿನ ಎಂದಿಗಿಂತ ಹೆಚ್ಚು ಜನ. ನಾಲ್ಕೈದು ಹಾಡು ಆದ ಮೇಲೆ ಹಿಂದಿನ ಸಾಲಿನಿಂದ ಯಾರೋ ಲಾಂಚಿನ ಹಾಡು ಅಂದರು. ಮತ್ತೊಬ್ಬರು ಅಂದರು. ಆಮೇಲೆ ಎಲ್ಲರೂ. ಕೆಟ್ಟವರಲ್ಲ, ಸತ್ತವರಿಗೆ ಮರ್ಯಾದೆ ಕೊಡುವುದು ಹೀಗೇ ಅಂತ ತಿಳಿದವರು. ಸಾಂತಾನ್ ನನ್ನ ಕಡೆ ನೋಡಿದರು. ನಾನು ಎದ್ದು, ಬೇಡ, ಇವತ್ತಿಗೆ ಸಾಕು ಅನ್ನಬಹುದಿತ್ತು, ನನ್ನ ಕೈಯಲ್ಲಿ ಒಂದು ಮೈಕು ಇದ್ದೇ ಇತ್ತು. ಮಿಕ್ಸರಿನ ಮೇಲೆ ಏನೋ ಸರಿಮಾಡುವವನಂತೆ ತಲೆ ಬಗ್ಗಿಸಿದೆ.

ಅವರು ಹಾಡಿದರು. ಮೊದಲ ಸಾಲಾಯಿತು, ಖಾಲಿ ಜಾಗದಲ್ಲಿ ಕಾಲು. ಅದೇ ಸಾಲು ಎರಡನೆಯ ಸಲ ಆಯಿತು. ಖಾಲಿ ಜಾಗ ಬಂದಾಗ ಸಾಂತಾನ್ ಮೈಕಿನಿಂದ ಎರಡು ಹೆಜ್ಜೆ ಹಿಂದೆ ಸರಿದರು, ಮುಖ ಗೋಡೆಗೆ ತಿರುಗಿಸಿದರು, ಭುಜ ಅಲುಗತೊಡಗಿತು. ಅಳುವುದು ಯಾರಿಗೂ ಕೇಳಬಾರದು ಅಂತ ಸರಿದರು. ಅಷ್ಟು ವರ್ಷ ವೇದಿಕೆ ಕಂಡವರು, ಮೈಕು ಎಲ್ಲಿಯವರೆಗೆ ಹಿಡಿಯುತ್ತದೆ ಅಂತ ಚೆನ್ನಾಗಿ ಗೊತ್ತಿದ್ದವರು. ನನಗೂ ಗೊತ್ತಿತ್ತು. ನನ್ನ ಬೆರಳು ಧ್ವನಿಯ ಗುಂಡಿಯನ್ನು ಮೇಲಕ್ಕೆ ಜಾರಿಸಿತು. ಮೆಲ್ಲಗೆ, ಮೈಕು ಕೂಗದ ಹಾಗೆ, ಒಳ್ಳೆಯ ಕೆಲಸಗಾರನ ನಾಜೂಕಿನಿಂದ. ಆ ಮನುಷ್ಯ ಬಿಕ್ಕುವುದು ದೊಡ್ಡ ದೊಡ್ಡ ಪೆಟ್ಟಿಗೆಗಳಿಂದ ಹೊರಬಿದ್ದು ಮಂಟಪ ತುಂಬಿತು.

ಹಾಡು ಮುಗಿದದ್ದೇ ತಡ, ಒನ್ಸ್ ಮೋರ್ ಅಂತ ಕೂಗೆದ್ದಿತು. ನಮ್ಮ ಸೀಮೆಯ ಅಭ್ಯಾಸ ಅದು. ನಾಟಕ ಕಂಪನಿ ಬಂದಾಗ ವೇದಿಕೆಯ ಮೇಲೆ ಸತ್ತುಬಿದ್ದ ನಾಯಕನಿಗೂ ಒನ್ಸ್ ಮೋರ್ ಕೂಗಿ ಎಬ್ಬಿಸಿದ ಜನ ನಾವು. ಅವನೂ ಮೈ ಕೊಡವಿ ಎದ್ದು, ಸಾಯುವ ಹಾಡನ್ನು ಇನ್ನೊಮ್ಮೆ ಹಾಡಿ, ಮತ್ತೆ ಸಾಯುತ್ತಿದ್ದ. ಮೆಚ್ಚಿಕೆಗೆ ಅದಕ್ಕಿಂತ ದೊಡ್ಡ ಮಾತು ನಮ್ಮಲ್ಲಿಲ್ಲ. ಕೂಗಿದವರಲ್ಲಿ ನಾನೂ ಒಬ್ಬ. ಸಾಂತಾನ್ ಕಣ್ಣೊರೆಸಿಕೊಂಡು, ಗಿಟಾರು ಸರಿಮಾಡಿಕೊಂಡು, ಮತ್ತೆ ಹಾಡಿದರು. ಎರಡನೆಯ ಸಲ ಇನ್ನೂ ಚೆನ್ನಾಗಿತ್ತು. ಹಾಗೆ ಬರೆಯಲು ನನಗೆ ಕೈ ಬರುವುದಿಲ್ಲ, ಆದರೆ ಇನ್ನೂ ಚೆನ್ನಾಗಿತ್ತು.

ಜನ ಹೋದ ಮೇಲೆ ನಾನು ವಯರು ಸುತ್ತುತ್ತಿದ್ದೆ. ಸಾಂತಾನ್ ಗಿಟಾರನ್ನು ಪೆಟ್ಟಿಗೆಯೊಳಗಿಟ್ಟು ನನ್ನ ಹತ್ತಿರ ಬಂದರು. ಸಿಟ್ಟು ಇರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. “ನಾನು ಹಿಂದೆ ಹೋದೆ ಭಟ್ರೇ,” ಅಂದರು. “ಮೈಕ್ ನನ್ನ ಹಿಂದೇ ಬಂತು.”

ನಾನು ಸುತ್ತಿದ್ದ ವಯರನ್ನೇ ಬಿಚ್ಚಿ ಮತ್ತೆ ಸುತ್ತತೊಡಗಿದೆ. ಅವರು ಗಿಟಾರಿನ ಪೆಟ್ಟಿಗೆ ಎತ್ತಿಕೊಂಡು ಹೊರಟರು. ಮನೆಗೆ ಬಂದರೆ ಹೆಂಡತಿ, ಹೇಗಾತು ಇವತ್ತು ಅಂತ ಕೇಳಿದಳು. ಚೊಲೋ ಆತು ಅಂದೆ. ಆ ವಾರವೆಲ್ಲ ಅಂಗಡಿಯಲ್ಲಿ ಗಿರಾಕಿಗಳ ಮುಖ ನೋಡಲು ಆಗಲಿಲ್ಲ. ಅವರಿಗೇನು ಗೊತ್ತು, ಆದರೂ ಆಗಲಿಲ್ಲ.

ಚೌತಿಯ ಹಿಂದಿನ ಶನಿವಾರ ಕೊನೆಯ ಕಾರ್ಯಕ್ರಮ. ಸಾಂತಾನ್ ಬರುವುದಿಲ್ಲ ಅಂದುಕೊಂಡಿದ್ದೆ, ಬಂದರು. ಮಳೆ ಹೊಳವಾಗಿತ್ತು. ನನ್ನ ಜೊತೆ ಎಂದಿನ ಹಾಗೆ ಎರಡು ಮಾತಾಡಿದರು, ಗಂಟಲು ಸರಿ ಇಲ್ಲ ಅಂತ ಬಿಸಿನೀರು ಕೇಳಿದರು. ಈ ಸಲ ಯಾರೂ ಕೇಳುವ ಮೊದಲೇ ಅವರಾಗಿಯೇ ಲಾಂಚಿನ ಹಾಡು ತೆಗೆದುಕೊಂಡರು. ಮೊದಲ ಸಾಲು, ಕಾಲು. ಎರಡನೆಯ ಸಾಲು. ಆಮೇಲೆ ಹಿಂದೆ ಸರಿದರು.

ನಾನು ಹಾಡುವ ಮೈಕಿನ ಗುಂಡಿಯನ್ನು ಪೂರ್ತಿ ಕೆಳಕ್ಕೆ ಎಳೆದುಬಿಟ್ಟೆ. ಮಂಟಪಕ್ಕೆ ಕೇಳುತ್ತಿದ್ದದ್ದು ವೇದಿಕೆಯ ಹಲಗೆಗಳ ಮೇಲೆ ಬರಿಗಾಲಿನ ಸದ್ದೊಂದೇ. ಜನ ತಲೆಯೆತ್ತಿ ಪೆಟ್ಟಿಗೆಗಳ ಕಡೆ ನೋಡಿದರು. ಆಮೇಲೆ ಮೈಕು ಹೋಯ್ತು, ಮೈಕು ಹೋಯ್ತು ಅಂತ ಗಲಾಟೆ. ಹೋದ ವಾರ ಕೇಳಿದ್ದನ್ನು ಕೇಳಲೆಂದೇ ಹುಬ್ಬಳ್ಳಿಯಿಂದ ಬಂದವರೂ ಇದ್ದರು. ಒಬ್ಬರು ಎದ್ದು ನಿಂತು, ಏನ್ರೀ, ನಿದ್ದಿ ಹತ್ತೇತೇನ್ರೀ ಅಂತ ನನಗೇ ಕೂಗಿದರು. ಸುಬ್ರಾಯಣ್ಣ ಓಡಿ ಬಂದ.

“ಎಂತಾತ? ವಯರ್ ಕಿತ್ತತ?”

“ಹೌದು, ವಯರ್,” ಅಂದೆ.

“ಇಂಥಾ ಹೊತ್ತಲ್ಲೇ ಕೈ ಕೊಡ್ತಲ ನಿನ್ನ ಡಬ್ಬ. ಮರ್ಯಾದೆ ತೆಗೆದೆ ಮಾರಾಯ.”

ಬೈಸಿಕೊಂಡೆ. ಗುಂಡಿಯ ಮೇಲಿಂದ ಕೈ ತೆಗೆಯಲಿಲ್ಲ. ಸಾಂತಾನ್ ಗೋಡೆಯ ಕಡೆಗೆ ನಿಂತೇ ಇದ್ದರು, ಬೇಕಾದಷ್ಟು ಹೊತ್ತು ನಿಂತರು. ಆಮೇಲೆ ಮುಖ ಒರೆಸಿಕೊಂಡು ತಿರುಗಿ ಮೈಕಿನ ಹತ್ತಿರ ಬಂದರು. ಅವರು ಬಾಯಿ ತೆರೆಯುವ ಹೊತ್ತಿಗೆ ನಾನು ಧ್ವನಿ ಕೊಟ್ಟೆ. ನಾಳೆಯೂ ಬರುತ್ತದೆ, ಧಕ್ಕೆಗೆ ನಾಳೆಯೂ ಬರುತ್ತೇನೆ. ಒನ್ಸ್ ಮೋರ್ ಯಾರೂ ಅನ್ನಲಿಲ್ಲ, ಎಲ್ಲರೂ ನನ್ನ ಮೇಲಿನ ಸಿಟ್ಟಿನಲ್ಲಿದ್ದರು.

ಮುಂದಿನ ವರ್ಷ ಸುಬ್ರಾಯಣ್ಣ ಬೇರೆ ಮೈಕ್‌ಸೆಟ್ಟಿನವರನ್ನು ಕರೆಸಿದ. ಸಾಂತಾನ್ ಆಮೇಲೆ ಘಟ್ಟ ಹತ್ತಿ ಬರಲಿಲ್ಲ, ಮಗಳ ಮನೆಯಲ್ಲಿದ್ದಾರೆ ಅಂತ ಕೇಳಿದೆ. ಅವತ್ತು ವಯರು ಕಿತ್ತಿರಲಿಲ್ಲ ಅಂತ ಕೇಳಲು ಕೂತವರಲ್ಲಿ ಗೊತ್ತಾದವನು, ಆಮೇಲೆ ಸಾಮಾನು ಹೇರಿದ ಇಸ್ಮಾಯಿಲ್ ಒಬ್ಬನೇ. “ಛಲೋ ಮಾಡಿದ್ರಿ ಭಟ್ರ,” ಅಂತ ಈಗಲೂ ಒಮ್ಮೊಮ್ಮೆ ಹೇಳುತ್ತಾನೆ. ಹೆಂಡತಿಗೆ ಅವನೇ ಹೇಳಿದ್ದು. ಅವಳೂ ನನ್ನನ್ನು ಒಳ್ಳೆಯವನ ಲೆಕ್ಕಕ್ಕೆ ಸೇರಿಸಿದ್ದಾಳೆ.

ಇಬ್ಬರಿಗೂ ಗೊತ್ತಿಲ್ಲದ್ದು ಒಂದಿದೆ. ಮಿಕ್ಸರಿನಲ್ಲಿ ಮೈಕು ಮೈಕಿಗೂ ಒಂದೊಂದು ಸಣ್ಣ ಬಟನ್ ಇರುತ್ತದೆ. ಹೊರಗಿನ ಧ್ವನಿ ಪೂರ್ತಿ ಮುಚ್ಚಿದ್ದರೂ ಅದನ್ನು ಒತ್ತಿದರೆ ಆ ಮೈಕಿನ ಸದ್ದು ಕೆಲಸಗಾರನ ಹೆಡ್‌ಫೋನಿಗೆ ಮಾತ್ರ ಬರುತ್ತದೆ, ಪರೀಕ್ಷೆಗೆ ಅಂತ ಕೊಟ್ಟದ್ದು. ಆ ದಿನ ಒಂದು ಕೈಯಲ್ಲಿ ಗುಂಡಿಯನ್ನು ಕೆಳಗೆ ಹಿಡಿದುಕೊಂಡು ಇನ್ನೊಂದು ಕೈಯಿಂದ ಆ ಬಟನ್ ಒತ್ತಿದ್ದೆ. ಸುಬ್ರಾಯಣ್ಣ ಬೈಯುವಾಗಲೂ ಹೆಡ್‌ಫೋನಿನ ಒಂದು ಕಡೆ ನನ್ನ ಕಿವಿಯ ಮೇಲೆಯೇ ಇತ್ತು. ಸಾಂತಾನ್ ಮೂಗೆಳೆದದ್ದು, ಉಸಿರು ಸಿಕ್ಕಿಕೊಂಡದ್ದು, ಗೋಡೆಗೆ ಮುಖ ಹಾಕಿ ಕೊಂಕಣಿಯಲ್ಲಿ ದುಮಿಂಗ್ ಅಂತ ಕರೆದು ಏನೋ ಕೇಳಿದ್ದು, ಎಲ್ಲ ಕೇಳಿದೆ. ಒಂದೂ ಬಿಡಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವರು ನೆಟ್ಟಗೆ ನನ್ನ ಹತ್ತಿರ ಬಂದರು. ನನ್ನ ಎರಡೂ ಕೈ ಹಿಡಿದುಕೊಂಡು, “ದೇವ್ ಬರೆಂ ಕರುಂ,” ಅಂದರು, ದೇವರು ಒಳ್ಳೆಯದು ಮಾಡಲಿ ಅಂತ. ಬಹಳ ಹೊತ್ತು ಕೈ ಬಿಡಲಿಲ್ಲ. ಹೆಡ್‌ಫೋನು ಒತ್ತಿದ್ದ ನನ್ನ ಕಿವಿ ಇನ್ನೂ ಬಿಸಿಯಾಗಿಯೇ ಇತ್ತು.